ಮಾಂಡೋವಿಯ ಮೇಲೊಂದು ಪೀಪಾಯಿ

ಪಣಜಿಯ ಜೆಟ್ಟಿಯಲ್ಲಿ ಹೊತ್ತು ಮುಳುಗುವ ಮೊದಲೇ ದೋಣಿಗಳಿಗೆ ದೀಪ ಹತ್ತಿರುತ್ತವೆ. ನಮ್ಮದು ಎರಡು ಅಂತಸ್ತಿನ ದೋಣಿ. ಕೆಳಗೆ ಊಟದ ಮೇಜುಗಳು. ಮೇಲೆ ಒಂದು ವೇದಿಕೆ, ಅದರ ಎರಡು ಬದಿಗೆ ಆಳೆತ್ತರದ ಸ್ಪೀಕರುಗಳು, ಹಿಂದುಗಡೆ ಬಾರ್ ಕೌಂಟರು. ಎರಡು ತಾಸಿನ ವಿಹಾರ, ಊಟವೂ ಸೇರಿ. ತಮ್ಮನ ಮಗನಿಗೆ ಬೆಂಗಳೂರಿನ ಕಂಪನಿಯಲ್ಲಿ ಬಡ್ತಿಯಾಗಿತ್ತು. ಆ ಖುಷಿಗೆ ಮನೆಮಂದಿಯನ್ನೆಲ್ಲ ಅವನೇ ಗೋವೆಗೆ ಹೊರಡಿಸಿದ್ದ. ಧಾರವಾಡದಿಂದ ನಾವು ಒಂಬತ್ತು ಜನ, ಎರಡು ಕಾರು. ಬೆಳಗಾವಿ ದಾಟಿ, ಕಣಕುಂಬಿಯಲ್ಲಿ ಚಹಾ ಕುಡಿದು, ಚೋರ್ಲಾ ಘಾಟು ಇಳಿದು ಬಂದಿದ್ದೆವು.

ದೋಣಿ ಬಿಟ್ಟ ಐದೇ ನಿಮಿಷಕ್ಕೆ ಡೀಜೆ ಮೈಕು ಹಿಡಿದ. ಮೊದಲು ಮಕ್ಕಳೆಲ್ಲ ವೇದಿಕೆಗೆ ಬರಬೇಕು, ಆಮೇಲೆ ಜೋಡಿಗಳು, ಆಮೇಲೆ ಹೆಂಗಸರು, ಕೊನೆಗೆ ಗಂಡಸರು ಎಂದು ಹಿಂದಿಯಲ್ಲಿ ಸಾರಿದ. ಶಾಲೆಯ ಪ್ರಾರ್ಥನೆಗೆ ಸಾಲು ನಿಲ್ಲಿಸಿದ ಹಾಗೆ ಶಿಸ್ತಾಗಿಯೇ ಕುಣಿತ ಶುರುವಾಯಿತು. ನನ್ನ ತಮ್ಮನ ಮೊಮ್ಮಗಳು ಎಲ್ಲರಿಗಿಂತ ಮುಂದೆ ಓಡಿದಳು. ಜೋಡಿಗಳ ಸರದಿ ಬಂದಾಗ ಅರವತ್ತು ದಾಟಿದ ನನ್ನ ತಮ್ಮನೂ ಅವನ ಹೆಂಡತಿಯೂ ನಾಚುತ್ತ ಎದ್ದರು. ತಮ್ಮನ ಮಗ ಗಾಜಿನ ಲೋಟದಲ್ಲಿ ಎರಡು ಬೆರಳು ಫೆನಿ, ಅದರ ಮೇಲೆ ನಿಂಬೆಯ ಸೋಡಾ ಹಾಕಿಸಿಕೊಂಡು ಬಂದು ನನ್ನ ಕೈಗಿಟ್ಟ.

"ಕಾಕಾ, ಇವತ್ತೊಂದಿನ ಸಾಲಿ ಮಾಸ್ತರಕಿ ಬಿಡ್ರಿ. ಎದ್ದು ಬರ್ರಿ."

"ನೀ ಹೋಗಪಾ. ಗಂಡಸರ ಪಾಳಿ ಬಂದಾಗ ನೋಡೋಣಂತ," ಎಂದು ಕಟಾಂಜನದ ಪಕ್ಕದ ಕುರ್ಚಿಯಲ್ಲೇ ಕೂತೆ.

ಮಾಸ್ತರಕಿ ಬಿಟ್ಟು ಏಳು ವರ್ಷವಾಯಿತು. ಅದು ನನ್ನನ್ನು ಬಿಟ್ಟಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು ನಾನು. ಈ ನದಿಯ ಬಗ್ಗೆ ನಾನು ಪ್ರತಿವರ್ಷ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಬಿಟ್ಟ ಸ್ಥಳ ತುಂಬಿರಿ: ಪೋರ್ಚುಗೀಸರು ಗೋವೆಯನ್ನು ಗೆದ್ದ ವರ್ಷ ಡ್ಯಾಶ್. ಉತ್ತರ 1510. ಒಂದು ಅಂಕ. ಹುಡುಗರು ಬರೆಯುತ್ತಿದ್ದರು, ನಾನು ಸರಿ ಗುರುತು ಹಾಕುತ್ತಿದ್ದೆ. ನಿವೃತ್ತಿಯಾದ ಮೇಲೆ ಹೊತ್ತು ಕಳೆಯಲು ಆ ಕಾಲದ ಪುಸ್ತಕಗಳನ್ನು ಓದಲು ಕೂತಾಗಲೇ ಆ ಬಿಟ್ಟ ಸ್ಥಳದಲ್ಲಿ ಎಷ್ಟೆಲ್ಲ ಬಿಟ್ಟುಹೋಗಿತ್ತು ಎಂದು ತಿಳಿದದ್ದು. ದೋಣಿ ಈಗ ತೇಲುತ್ತಿದ್ದುದು ಸರಿಯಾಗಿ ಆ ಜಾಗದಲ್ಲೇ.

ಎಡಗಡೆ ದಂಡೆಯಲ್ಲಿ ಉದ್ದಕ್ಕೆ ಮಲಗಿದಂತಿರುವ ಬಿಳಿ ಗೋಡೆಯ ಹಳೆಯ ಸೆಕ್ರೆಟೇರಿಯಟ್ ಕಟ್ಟಡ ಸರಿದುಹೋಯಿತು. ಜನ ಇಂದಿಗೂ ಅದನ್ನು ಆದಿಲ್ ಶಾಹನ ಅರಮನೆ ಎನ್ನುತ್ತಾರೆ. 1759ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಲಿಗೆ ವಾಸ ಬದಲಿಸಿದ. ಅದಕ್ಕೂ ಮೊದಲು, ಪಣಜಿ ಎಂಬ ಪಟ್ಟಣವೇ ಇಲ್ಲದಾಗ, ಅದು ಬಿಜಾಪುರದವರ ನದಿಕಾವಲಿನ ಕೋಟೆ. ನಗರವಿದ್ದದ್ದು ಇನ್ನೂ ಒಳಗೆ, ಇಂದು ಹಳೆ ಗೋವೆ ಎನ್ನುವ ಕಡೆ. ಕುದುರೆ ವ್ಯಾಪಾರದ ದೊಡ್ಡ ಬಂದರು ಅದು. ಕದಂಬರು, ಬಹಮನಿಗಳು, ವಿಜಯನಗರದವರು, ಬಿಜಾಪುರದವರು ಎಲ್ಲರೂ ಅದಕ್ಕಾಗಿ ಕೈಚಾಚಿದ್ದರು.

1510ರ ಫೆಬ್ರವರಿಯಲ್ಲಿ ಅಫೊನ್ಸೊ ಡ ಅಲ್ಬುಕರ್ಕ್ ಹಡಗು ತಿರುಗಿಸಿದ್ದು ಗೋವೆಗೆಂದಲ್ಲ, ಕೆಂಪುಸಮುದ್ರಕ್ಕೆಂದು. ದಾರಿಯಲ್ಲಿ ನಮ್ಮ ಹೊನ್ನಾವರದ ತಿಮ್ಮಯ್ಯ ಅವನನ್ನು ಕಂಡ. ಪೋರ್ಚುಗೀಸರ ಬಾಯಲ್ಲಿ ಅವನು ತಿಮೋಜ. ಸ್ವಂತ ಹಡಗು ಪಡೆಯಿದ್ದ ಕಡಲಾಳು. ಗೋವೆಯಲ್ಲಿ ಈಗ ಕಾವಲು ಕಡಿಮೆಯಿದೆ, ಮೊದಲು ಅಲ್ಲಿಗೆ ಹೋಗು ಎಂದು ಹೇಳಿದವನು ಅವನೇ. ಗೋವೆಯ ಇತಿಹಾಸ ಬದಲಾದದ್ದು ಕನ್ನಡ ಕರಾವಳಿಯವನೊಬ್ಬನ ಸಲಹೆಯಿಂದ ಎನ್ನುವುದನ್ನು ನಾನು ಒಮ್ಮೆಯೂ ತರಗತಿಯಲ್ಲಿ ಹೇಳಿರಲಿಲ್ಲ. ಹೆಚ್ಚು ಕಾದಾಟವಿಲ್ಲದೆ ಪಟ್ಟಣ ಕೈಸೇರಿತು. ಮೂರೇ ತಿಂಗಳಲ್ಲಿ ಬಿಜಾಪುರದ ಸೈನ್ಯ ದಂಡೆತ್ತಿ ಬಂತು. ಮೇ ತಿಂಗಳ ಕೊನೆಗೆ ಅಲ್ಬುಕರ್ಕ್ ಪಟ್ಟಣ ಬಿಟ್ಟು ಹಡಗು ಹತ್ತಿದ.

ಹತ್ತಿದ, ಆದರೆ ಹೋಗಲಾಗಲಿಲ್ಲ. ಮಳೆಗಾಲ ಹಿಡಿದಿತ್ತು. ನದಿ ಸಮುದ್ರ ಸೇರುವಲ್ಲಿ ಮರಳಿನ ದಿಣ್ಣೆ. ಅದರ ಮೇಲೆ ಮುಂಗಾರಿನ ಅಲೆ. ಹಿಂದೆ ಶತ್ರುವಿನ ಪಟ್ಟಣ, ಮುಂದೆ ಬಾಗಿಲು ಹಾಕಿದ ಕಡಲು. ಆಗಸ್ಟ್ ನಡುವಿನವರೆಗೆ, ಎರಡೂವರೆ ತಿಂಗಳು, ಆ ಹಡಗುಗಳು ಈ ನದಿಯಲ್ಲೇ ಸಿಕ್ಕಿಬಿದ್ದವು. ನಾನು ಆಗಷ್ಟೇ ನೋಡಿದ ಬಿಳಿ ಗೋಡೆಯ ಜಾಗದಿಂದ ಅವುಗಳ ಮೇಲೆ ಗುಂಡು ಬೀಳುತ್ತಿತ್ತು. ದಂಡೆಗಿಳಿದು ಕುಡಿಯುವ ನೀರು ತರುವುದೂ ಜೀವದ ಮೇಲಿನ ಆಟ. ಒಣ ಬಿಸ್ಕತ್ತು ಅಳೆದು ಹಂಚುವ ಕಾಲ ಬಂತು. ಆಮೇಲೆ ಇಲಿ ಹಿಡಿದು ತಿಂದರು, ಪೆಟ್ಟಿಗೆಗೆ ಹೊದಿಸಿದ ತೊಗಲು ಬೇಯಿಸಿ ತಿಂದರು.

ಇಷ್ಟು ಹೊತ್ತಿಗೆ ವೇದಿಕೆಯ ಮೇಲೆ ಹೆಂಗಸರ ಸರದಿ ಮುಗಿದು ತಂಡದ ಕಲಾವಿದರು ಬಂದಿದ್ದರು. ಒಂದು ಪೋರ್ಚುಗೀಸ್ ಜೋಡಿನೃತ್ಯ, ಆಮೇಲೆ ದೇಖಣಿ. ಕೈಯಲ್ಲಿ ದೀಪ ಹಿಡಿದು ಕುಣಿಯುವ ಹುಡುಗಿಯರು, ಅಂಬಿಗನ ವೇಷದ ಒಬ್ಬ ಹುಡುಗ. ಎಲ್ಲರಿಗೂ ಗೊತ್ತಿರುವ ರಾಗ ಅದು. 1973ರ 'ಬಾಬಿ' ಸಿನೆಮಾ ಅದನ್ನು ದೇಶಕ್ಕೆಲ್ಲ ಹಂಚಿತು. ಹಾಡಿನ ಕಥೆ ಸಣ್ಣದು. ನದಿಯ ಆಚೆ ದಂಡೆಯಲ್ಲಿ ಮದುವೆ, ಅಲ್ಲಿ ಕುಣಿಯಲು ಹೋಗಬೇಕಾದ ಕಲಾವಂತಿ ದಾಟಿಸು ಎಂದು ಅಂಬಿಗನನ್ನು ಬೇಡುತ್ತಾಳೆ, ಮೈಮೇಲಿನ ಒಡವೆ ಕೊಡುತ್ತೇನೆ ಎನ್ನುತ್ತಾಳೆ. ಅವನು ಒಪ್ಪುವುದಿಲ್ಲ.

ಗೋವೆಯಲ್ಲಿ ನದಿ ದಾಟುವುದು ಹಾಡಿನ ಮಾತಷ್ಟೇ ಆಗಿರಲಿಲ್ಲ. ಹದಿನಾರನೆಯ ಶತಮಾನದಲ್ಲಿ ದೇವಸ್ಥಾನಗಳನ್ನು ಕೆಡವತೊಡಗಿದಾಗ ಜನ ದೇವರನ್ನು ದೋಣಿಯಲ್ಲಿಟ್ಟುಕೊಂಡು ನದಿ ದಾಟಿದರು. ಮಂಗೇಶ ಕುಶಸ್ಥಳಿಯಿಂದ ಜುವಾರಿ ದಾಟಿ ಫೋಂಡೆಯ ಕಡೆ ಹೋದದ್ದು ಹಾಗೆಯೇ. ಇನ್ನೂ ಎಷ್ಟೋ ಮನೆತನಗಳು ತೆಂಕಣಕ್ಕೆ ಸರಿದು ಕಾರವಾರ, ಕುಮಟೆ, ಮಂಗಳೂರಿನ ಕಡೆ ನೆಲೆಯಾದವು. ನಮ್ಮ ಕರಾವಳಿಯ ಕೊಂಕಣಿ ಮಾತಿನಲ್ಲಿ ಆ ದಾಟುವಿಕೆಯ ನೆನಪಿದೆ.

1510ರ ಆ ಹಡಗುಗಳಲ್ಲೂ ಹೆಂಗಸರಿದ್ದರು. ಪಟ್ಟಣ ಬಿಡುವಾಗ ಸೆರೆಹಿಡಿದು ತಂದ ಮುಸ್ಲಿಂ ಹೆಂಗಸರು. ಅವರ ಬಳಿಗೆ ಕದ್ದು ಹೋಗುತ್ತಿದ್ದನೆಂದು ರುಯಿ ಡಿಯಾಸ್ ಎಂಬವನನ್ನು ಅಲ್ಬುಕರ್ಕ್ ನೇಣಿಗೇರಿಸಿದ. ಬೇರೆ ಕಪ್ತಾನರು ಅಡ್ಡಬಂದರು, ಅವರನ್ನೂ ಸೆರೆಯಲ್ಲಿಟ್ಟ. ಪೋರ್ಚುಗಲ್ಲಿನ ಮಹಾಕವಿ ಕಮೊಯಿಂಶ್ ಕೂಡ ತನ್ನ ಕಾವ್ಯದಲ್ಲಿ ಈ ಶಿಕ್ಷೆ ಅತಿಯಾಯಿತೆಂದು ಅಲ್ಬುಕರ್ಕನನ್ನು ದೂರಿದ್ದಾನೆ. ನೇಣಿಗೇರಿದವನ ಕಥೆ ಕಾವ್ಯಕ್ಕೆ ಸೇರಿತು. ಆ ಹೆಂಗಸರ ಹೆಸರು ಯಾವ ಪುಟದಲ್ಲೂ ನನಗೆ ಸಿಗಲಿಲ್ಲ.

ನನ್ನನ್ನು ಬಹಳ ಕಾಡಿದ ಸಂಗತಿ ಇನ್ನೊಂದಿದೆ. ಹಡಗಿನವರು ಹಸಿವಿನಿಂದ ಸಾಯುತ್ತಿದ್ದಾರೆಂಬ ಸುದ್ದಿ ದಂಡೆಗೆ ತಲುಪಿತು. ಬಿಜಾಪುರದ ಕಡೆಯಿಂದ ಬಿಳಿ ಬಾವುಟ ಕಟ್ಟಿದ ದೋಣಿಯೊಂದು ತಿನಿಸು ತುಂಬಿಕೊಂಡು ಬಂತು. ಹಸಿವಿನಿಂದಲ್ಲ, ಕತ್ತಿಯಿಂದ ಗೆಲ್ಲಬೇಕೆಂದಿದ್ದೇವೆ ಎಂಬುದು ಅದರ ಜೊತೆಗಿದ್ದ ಮಾತು. ಅಲ್ಬುಕರ್ಕ್ ಏನು ಮಾಡಿದ ಗೊತ್ತೇ? ಕಾಯಿಲೆಯವರಿಗೆಂದು ಕೊನೆಗೆ ಉಳಿಸಿಟ್ಟಿದ್ದ ದ್ರಾಕ್ಷಾರಸವನ್ನು ಒಂದು ಪೀಪಾಯಿಗೆ ಸುರಿಸಿ, ಬಿಸ್ಕತ್ತನ್ನು ಅದರ ಜೊತೆಗಿಟ್ಟು, ಬಂದವರ ಕಣ್ಣಿಗೆ ಬೀಳುವ ಹಾಗೆ ಡೆಕ್ಕಿನ ಮೇಲೆ ಒಡ್ಡಿಸಿದ. ನಮಗೇನೂ ಕಡಿಮೆಯಿಲ್ಲ ಎಂದು ಹೇಳಿ ದೋಣಿಯನ್ನು ತುಂಬಿದ್ದು ತುಂಬಿದ ಹಾಗೆಯೇ ವಾಪಸು ಕಳಿಸಿದ.

ಈ ಕಥೆ ಬಂದಿರುವುದು ಅಲ್ಬುಕರ್ಕನ ಮಗ ತಂದೆಯ ಕಾಗದಗಳಿಂದ ಕಟ್ಟಿ 1557ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ. ಮಗ ತಂದೆಯ ಕಥೆ ಹೇಳುವಾಗ ಸ್ವಲ್ಪ ಹೊಳಪು ಕೊಡದೆ ಬಿಡುತ್ತಾನೆಯೇ? ಅವನಿಗೆ ಅದು ತಂದೆಯ ಕೆಚ್ಚು. ನನಗೆ ಕಾಣುವುದು ಬೇರೆ. ಡೆಕ್ಕಿನ ಮೇಲೆ ಆ ಪೀಪಾಯಿಯನ್ನು ನೋಡುತ್ತ ನಿಂತ, ಅದನ್ನು ಮುಟ್ಟುವಂತಿಲ್ಲದ ಹಸಿದ ಖಲಾಸಿಗಳು. ಕಳಿಸಿದವರ ದೋಣಿಯಲ್ಲಿದ್ದ ಊಟವೂ ದೂರ ಸರಿಯುತ್ತಿರುವುದನ್ನು ಅವರು ನೋಡಿರಬೇಕು. ಮಾಂಡೋವಿಯಲ್ಲಿ ತಿನ್ನಲು ಕುಡಿಯಲು ಇಟ್ಟು ಮೆರೆದ ಆ ಡೆಕ್ಕಿನಲ್ಲಿ ಯಾರಿಗೂ ಹೊಟ್ಟೆ ತುಂಬಿರಲಿಲ್ಲ.

ಆಗಸ್ಟಿನಲ್ಲಿ ಕಡಲು ದಾರಿ ಬಿಟ್ಟಿತು, ಹಡಗುಗಳು ಹೋದವು. ನವೆಂಬರ್ 25ಕ್ಕೆ ಹೆಚ್ಚಿನ ಬಲದೊಂದಿಗೆ ತಿರುಗಿ ಬಂದು ಪಟ್ಟಣವನ್ನು ಗೆದ್ದರು. ಆಮೇಲೆ ನಡೆದ ಕೊಲೆಯಲ್ಲಿ ಗಂಡಸರು ಹೆಂಗಸರು ಸೇರಿ ಆರು ಸಾವಿರ ಮುಸಲ್ಮಾನರು ಸತ್ತರೆಂದು ಅಲ್ಬುಕರ್ಕನೇ ತನ್ನ ದೊರೆಗೆ ಬರೆದ. ಹಸಿವಿನಲ್ಲಿ ಊಟ ಕಳಿಸಿದ ಪಟ್ಟಣಕ್ಕೆ ಸಿಕ್ಕ ಪ್ರತಿಫಲ ಅದು. ನನ್ನ ಒಂದು ಅಂಕದ ಉತ್ತರದೊಳಗೆ ಇದೆಲ್ಲ ಇತ್ತು.

"ಕಾಕಾ, ಊಟಕ್ಕ ಏಳ್ರಿ, ಸಾಲ ಬೆಳ್ಯಾಕತ್ತೇತಿ," ಎಂದು ತಮ್ಮನ ಮಗ ಮತ್ತೆ ಬಂದ.

ಕೆಳಗಿನ ಮೇಜಿನ ಮೇಲೆ ಏನೆಲ್ಲ ಇತ್ತು! ಪಾವು, ಬಟಾಟೆ ಭಾಜಿ, ಮೀನಿನ ಸಾರು, ಕೋಳಿ, ವಿಂದಾಲು, ಅನ್ನ, ಕೊನೆಗೆ ಅನಾನಸು ಮತ್ತು ಪರಂಗಿ ಹಣ್ಣಿನ ಹೋಳು. ತಟ್ಟೆ ತುಂಬಿಸಿಕೊಳ್ಳುವಾಗ ಲೆಕ್ಕ ಹಾಕಿದೆ. ಪಾವು ಎನ್ನುವ ಮಾತೂ ಅವರದು, ಮಾಡುವ ರೀತಿಯೂ ಅವರದು. ಬಟಾಟೆ, ಅನಾನಸು, ಪರಂಗಿ, ಮೆಣಸಿನಕಾಯಿ, ಎಲ್ಲ ಅಮೆರಿಕಾ ಖಂಡದಿಂದ ಅವರ ಕಾಲದಲ್ಲಿ ಕಡಲು ದಾಟಿ ಬಂದವು. ವಿಂದಾಲು ಅವರ ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಯ ಮಾಂಸದಡುಗೆ. ಗೋವೆಯವರು ದ್ರಾಕ್ಷಾರಸ ಬಿಟ್ಟು ಕಳ್ಳಿನ ಹುಳಿ ಹಾಕಿ ಅದನ್ನು ತಮ್ಮದು ಮಾಡಿಕೊಂಡರು. ನನ್ನ ಲೋಟದ ಫೆನಿ ಗೇರುಹಣ್ಣಿನದು. ಗೇರು ಬ್ರೆಜಿಲ್ಲಿನಿಂದ ಬಂದ ಮರ. ಅದರ ಹಣ್ಣು ತುಳಿದು, ರಸ ಹುಳಿಸಿ, ಭಟ್ಟಿ ಇಳಿಸಿದ ಗೋವೆಯ ಜನರ ಕೈಚಳಕಕ್ಕೆ 2009ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿತು. ಪೀಪಾಯಿ ಎಂಬ ನಮ್ಮ ಮಾತು ಕೂಡ ಅವರ 'ಪೀಪ'ದಿಂದ ಬಂದದ್ದೇ. ಗೆದ್ದವರು ಹೋದರು. ಅವರು ತಂದದ್ದರಲ್ಲಿ ಬೇಕಾದ್ದನ್ನು ಅಡುಗೆಮನೆ ಇಟ್ಟುಕೊಂಡಿತು. ರುಚಿಯಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ದೋಣಿ ನದಿಮುಖದ ಕಡೆಗೆ ಹೋಗಿ, ರೇಯಿಸ್ ಮಾಗೋಸ್ ಕೋಟೆಯ ದೀಪ ತೋರಿಸಿ, ತಿರುಗಿತು. ಹಿಂದೆ ಬರುವಾಗ ಲಂಗರು ಹಾಕಿದ ಜೂಜಿನ ಹಡಗುಗಳು ಜಗಮಗಿಸುತ್ತಿದ್ದವು. ನೀರಿನ ಮೇಲೆ ಅವುಗಳ ಕೆಂಪು, ನೀಲಿ ಬಣ್ಣ ಚೆಲ್ಲಿತ್ತು. ತಮ್ಮನ ಮೊಮ್ಮಗಳು ನನ್ನ ತೊಡೆಯ ಮೇಲೆ ಕೂತು ಕೇಳಿದಳು.

"ಅಜ್ಜಾ, ಇಷ್ಟೊಂದು ನೀರು ಎಲ್ಲಿಂದ ಬರತೈತಿ?"

"ನಮ್ಮ ಕಡೆಯಿಂದನ ಬರತೈತವಾ," ಎಂದೆ.

ಸುಳ್ಳಲ್ಲ. ಗೋವೆಯಲ್ಲಿ ಮಾಂಡೋವಿ, ನಮ್ಮಲ್ಲಿ ಮಹದಾಯಿ. ಹುಟ್ಟುವುದು ಖಾನಾಪುರ ತಾಲೂಕಿನ ದೇಗಾಂವದ ಕಾಡಿನಲ್ಲಿ. ಬೆಳಿಗ್ಗೆ ಚಹಾ ಕುಡಿದ ಕಣಕುಂಬಿಯಲ್ಲೇ ಮಲಪ್ರಭೆ ಹುಟ್ಟಿ ಮೂಡಣಕ್ಕೆ ಹೋಗುತ್ತಾಳೆ. ಅದೇ ಊರಿನ ಕಳಸಾ ಹಳ್ಳ ಪಡುವಣಕ್ಕೆ ಹರಿದು ಮಹದಾಯಿ ಸೇರುತ್ತದೆ. ಆ ಹಳ್ಳವನ್ನೂ ಬಂಡೂರಿಯನ್ನೂ ಮಲಪ್ರಭೆಗೆ ತಿರುಗಿಸಬೇಕೆಂದು ನಮ್ಮ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತರು. ನೀರು ಇಳಿದರೆ ಉಪ್ಪುನೀರು ಒಳಗೆ ಏರಿ ಖಜಾನ್ ಗದ್ದೆ ಕೆಡುತ್ತದೆ, ಕಾಡು ಒಣಗುತ್ತದೆ ಎಂದು ಗೋವೆಯವರ ಅಳಲು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.9. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡೂ ಕಡೆಯವರು ಸುಳ್ಳು ಹೇಳುತ್ತಿಲ್ಲ. ಈ ನದಿಯ ಮೇಲೆ ಕೂತು ದಂಡೆಯ ಹಸಿವನ್ನು ಅಳೆಯುವುದು ಮಾತ್ರ ಕಷ್ಟ. 1510ರಲ್ಲಿ ದಂಡೆಯ ಮೇಲೆ ಕೂತು ನದಿಯ ಹಸಿವನ್ನು ಅಳೆಯುವುದೂ ಅಷ್ಟೇ ಕಷ್ಟವಾಗಿತ್ತು. ಆದರೂ ಅಳೆದು ಊಟ ಕಳಿಸಿದವರೊಬ್ಬರು ಇದ್ದರು ಎನ್ನುವುದಕ್ಕೇ ನನಗೆ ಆ ಕಥೆ ಬೇಕು.

"ಈಗ ಗಂಡಸರು!" ಎಂದು ಡೀಜೆ ಕೂಗಿದ. ಊಟದ ಮೇಲಿನ ಕೊನೆಯ ಪಾಳಿ. ಮಗು ನನ್ನ ಬೆರಳು ಹಿಡಿದು ಎಳೆಯಿತು. ಹೋದೆ. ಹೆಜ್ಜೆ ಬರಲಿಲ್ಲ, ಕೈ ಎತ್ತಿ ನಿಂತಲ್ಲೇ ಸುತ್ತಿದೆ. ತಮ್ಮ ಸಿಳ್ಳೆ ಹಾಕಿದ. ನನ್ನ ವಿದ್ಯಾರ್ಥಿಗಳು ಯಾರೂ ನೋಡಲಿಲ್ಲವಲ್ಲ ಎಂದುಕೊಂಡು ನಗುತ್ತಲೇ ಜೆಟ್ಟಿಗೆ ಇಳಿದೆ.

ಧಾರವಾಡ ತಲುಪಿದ ಮರುದಿನ ನಮ್ಮ ಓಣಿಗೆ ನಳ ಬರುವ ದಿನ. ನವಿಲುತೀರ್ಥದ ಅಣೆಕಟ್ಟಿನಿಂದ ಬರುವ ಮಲಪ್ರಭೆಯ ನೀರು. ವಾರಕ್ಕೊಮ್ಮೆ ನಮ್ಮ ಪಾಳಿ. ನಸುಕಿನಲ್ಲೇ ಎದ್ದು ಪೈಪು ಹಚ್ಚಿ, ಹಿತ್ತಲಿನ ಎರಡು ನೀಲಿ ಬ್ಯಾರಲ್ಲುಗಳನ್ನು ತುಂಬಿಸಿದೆ. ಪಕ್ಕದ ಮನೆಯವರು ಊರಿಗೆ ಹೋಗಿದ್ದರು. ಅವರ ಬ್ಯಾರಲ್ಲನ್ನೂ ತುಂಬಿಸಿ ಮುಚ್ಚಳ ಹಾಕಿದೆ.