ಹರಿಹರ ಕ್ಷೇತ್ರವೂ ತುಂಗಭದ್ರೆಯ ಗಡಿಯೂ

ದಾವಣಗೆರೆಗೆ ಪಶ್ಚಿಮದಲ್ಲಿ ಸುಮಾರು 14 ಕಿಲೋಮೀಟರುಗಳ ದೂರದಲ್ಲಿ, ತುಂಗಭದ್ರಾನದಿಯ ಬಲದಂಡೆಯ ಮೇಲೆ ಇರುವ ಹರಿಹರವು ಶೈವವೈಷ್ಣವ ಸಮನ್ವಯದ ಕ್ಷೇತ್ರವೆಂದು ಸರ್ವತ್ರ ಪ್ರಸಿದ್ಧವಾಗಿದೆ. ಈ ಕ್ಷೇತ್ರವನ್ನು ಕುರಿತು ಬರೆದವರೆಲ್ಲರೂ ಪ್ರಾಯಶಃ ಆ ಒಂದು ವಿಷಯವನ್ನೇ ವಿಸ್ತರಿಸಿರುತ್ತಾರೆ. ಆದರೆ ಇದು ಶತಮಾನಗಳ ಕಾಲ ರಾಜ್ಯಗಳ ಎಲ್ಲೆಯಲ್ಲಿದ್ದ ಊರು ಎಂಬ ಅಂಶದ ಕಡೆಗೆ ವಿದ್ವಾಂಸರ ಗಮನವು ಸಾಕಷ್ಟು ಹರಿದಂತೆ ಕಾಣುವುದಿಲ್ಲ. ಹರಿಹರದ ವೈಭವಕ್ಕೂ ಅದರ ಕಷ್ಟಗಳಿಗೂ ಈ ಎಲ್ಲೆಯೇ ಮುಖ್ಯ ಕಾರಣವೆಂಬುದನ್ನು ಶಾಸನಗಳ ಆಧಾರದಿಂದ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಸೂಳೆಕೆರೆಯಿಂದ ಹರಿದು ಬರುವ ಹರಿದ್ರಾ ಎಂಬ ಹೊಳೆಯು ಇಲ್ಲಿ ತುಂಗಭದ್ರೆಯನ್ನು ಕೂಡುವುದರಿಂದ ಊರಿಗೆ ಕೂಡಲೂರೆಂಬ ಹೆಸರು ಬಂದಿತು. ಹರಿಹರದಲ್ಲಿ ದೊರೆತ ಚಾಲುಕ್ಯ ವಿನಯಾದಿತ್ಯನ ತಾಮ್ರಶಾಸನವು ಶಕವರ್ಷ 616ರದು, ಎಂದರೆ ಕ್ರಿ.ಶ. 694ರದು. ಆಗ ದೊರೆಯ ಬೀಡು ಹರೇಶಪುರದ ಸಮೀಪದಲ್ಲಿದ್ದಿತೆಂದು ಅದರಿಂದ ತಿಳಿಯುತ್ತದೆ. ಆ ಹರೇಶಪುರವು ನಮ್ಮ ಹರಿಹರವೇ ಆಗಿದ್ದ ಪಕ್ಷದಲ್ಲಿ ವೈಯಾಕರಣರು ಒಂದು ಮಾತನ್ನು ಹೇಳಬಹುದು: ಹರಿಶಬ್ದಕ್ಕೆ ಈಶಶಬ್ದವು ಸೇರಿದರೆ ಸವರ್ಣದೀರ್ಘವು ಬಂದು ‘ಹರೀಶ’ ಎಂದಾಗಬೇಕೇ ಹೊರತು ‘ಹರೇಶ’ ಎಂದಾಗದು, ಗುಣಸಂಧಿಯು ಹರಶಬ್ದಕ್ಕೇ ಸಲ್ಲುವುದು. ಆದುದರಿಂದ ಏಳನೆಯ ಶತಮಾನದ ಹೆಸರಿನಲ್ಲಿ ಹರನು ಮಾತ್ರ ಇದ್ದಾನೆ, ಹರಿಯು ಇನ್ನೂ ಬಂದು ಸೇರಿಲ್ಲ. ಇದನ್ನು ಸಿದ್ಧಾಂತವೆಂದು ಹೇಳಲಾರೆನು. ಸಂಧಿಯೊಂದರ ಬಲದಿಂದ ಇತಿಹಾಸವನ್ನು ಕಟ್ಟುವುದು ನಮ್ಮಂಥ ಪಾಠಶಾಲೆಯ ಪಂಡಿತರ ಹಳೆಯ ಚಪಲ. ಇನ್ನೊಂದು ಅಂಶವು ಮಾತ್ರ ನಿಶ್ಚಿತವಾದುದು. ಈ ಶಾಸನದಲ್ಲಿ ದತ್ತವಾದ ಗ್ರಾಮವು ಹೊಳೆಯ ಈಚೆಗಿನದಲ್ಲ, ವನವಾಸಿ ಮಂಡಲದ್ದು. ದಾನವನ್ನು ಬಿನ್ನವಿಸಿಕೊಂಡವನು ಆಳುವರಸನು.

ಸ್ಥಳಪುರಾಣದಲ್ಲಿ ಈ ಪ್ರದೇಶವು ಗುಹಾರಣ್ಯವೆಂದು ಹೇಳಲ್ಪಟ್ಟಿದೆ. ಹರಿಯಿಂದಾಗಲಿ ಹರನಿಂದಾಗಲಿ ಮರಣವಿಲ್ಲವೆಂದು ಬ್ರಹ್ಮನಿಂದ ವರವನ್ನು ಪಡೆದ ಗುಹಾಸುರನನ್ನು ಕೊಲ್ಲುವುದಕ್ಕಾಗಿ ಆ ಇಬ್ಬರೂ ಒಂದೇ ದೇಹವನ್ನು ಧರಿಸಿ ಕೂಡಲೂರಿನಲ್ಲಿ ಇಳಿದರೆಂಬ ಕಥೆಯು ಎಲ್ಲರಿಗೂ ತಿಳಿದುದೇ. ನಮಗೆ ಇಲ್ಲಿ ಬೇಕಾದುದು ಆ ಅಸುರನ ರಾಜ್ಯದ ಮೇರೆಗಳು: ಪೂರ್ವಕ್ಕೆ ಉಚ್ಚಂಗಿದುರ್ಗ, ದಕ್ಷಿಣಕ್ಕೆ ಗೋವಿನಕೋವಿ, ಪಶ್ಚಿಮಕ್ಕೆ ಮುದೇನೂರು, ಉತ್ತರಕ್ಕೆ ಐರಣಿ. ಇವುಗಳಲ್ಲಿ ಐರಣಿಯೂ ಮುದೇನೂರೂ ತುಂಗಭದ್ರೆಯ ಆಚೆಯ ದಂಡೆಯ ಊರುಗಳು. ಪುರಾಣವನ್ನು ಹೇಳಿದವನು ಯಾರೇ ಆಗಿರಲಿ, ಅವನ ಮನಸ್ಸಿನಲ್ಲಿ ನದಿಯು ಎಲ್ಲೆಯಾಗಿರಲಿಲ್ಲ. ನಾಡಿನ ನಡುವೆ ಹರಿಯುವ ನೀರಾಗಿದ್ದಿತು.

ಅರಸರ ಲೆಕ್ಕವು ಬೇರೆ. ಹನ್ನೆರಡನೆಯ ಶತಮಾನದಲ್ಲಿ ಉಚ್ಚಂಗಿಯ ಪಾಂಡ್ಯರು ಈ ಭಾಗವನ್ನು ಆಳಿದರು. ಇಮ್ಮಡಿ ಬಲ್ಲಾಳನು ಉಚ್ಚಂಗಿಯನ್ನು ಗೆದ್ದುದರಿಂದ ಹೊಯ್ಸಳರ ಅಧಿಕಾರವು ಇಲ್ಲಿ ನೆಲೆಗೊಂಡು, ಒಂದು ಕಾಲದಲ್ಲಿ ಉತ್ತರಕ್ಕೆ ಬಹುದೂರ ವ್ಯಾಪಿಸಿತು. ಆದರೆ ದೇವಗಿರಿಯ ಸಿಂಘಣನು ಪ್ರಬಲನಾದಮೇಲೆ ಆಚೆಯ ದಂಡೆಯು ಸೇವುಣರ ವಶವಾಯಿತು, ತುಂಗಭದ್ರೆಯು ಎರಡು ರಾಜ್ಯಗಳ ಗಡಿಯಾಯಿತು. ಇಮ್ಮಡಿ ನರಸಿಂಹನ ದಂಡನಾಥನಾದ ಪೋಲಾಳ್ವನು 1224ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ್ದು ಈ ಸಂದರ್ಭದಲ್ಲಿ ಎಂಬುದನ್ನು ಮರೆಯಬಾರದು. ಈತನು ‘ಹರಿಚಾರಿತ್ರ’ವೆಂಬ ಕಾವ್ಯವನ್ನು ಬರೆದ ಕವಿಯೂ ಹೌದು. ಗಡಿಯನ್ನು ಕಾಯುವ ಸೇನಾಪತಿಯು ಕೋಟೆಯನ್ನು ಕಟ್ಟಿಸುವುದು ಸಹಜ. ಈತನು ಮಹಾದೇವಾಲಯವನ್ನು ಕಟ್ಟಿಸಿದನು. ಹೊರಗೋಡೆಗಳಲ್ಲಿ ಹಳೇಬೀಡಿನ ಶಿಲ್ಪಸಮೃದ್ಧಿಯು ಇಲ್ಲ. ವಿಶಾಲವಾದ ಮಂಟಪವೂ ತಿರುಗಣೆಗೆ ಕೊಟ್ಟು ಕಡೆದ ನುಣುಪಾದ ಕಂಬಗಳೂ ಇಲ್ಲಿಯ ಸೊಬಗು. ಗರ್ಭಗೃಹದ ಮೂರ್ತಿಯ ಬಲಭಾಗವು ಹರನು, ಎಡಭಾಗವು ಹರಿಯು.

ಮುಂದೆ 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕನೂ ಸೋಮನಾಥಪುರದ ನಿರ್ಮಾತೃವೂ ಆದ ಸೋಮನು ಈ ದೇವಾಲಯವನ್ನು ವಿಸ್ತರಿಸಿದನು. ಅನಂತರ ಒಂಬತ್ತು ವರ್ಷಗಳೊಳಗೆ, ಹೊಯ್ಸಳರ ಮೇಲೆ ದಂಡೆತ್ತಿ ದೋರಸಮುದ್ರದವರೆಗೂ ನುಗ್ಗಿದ ಸೇವುಣ ಸೇನಾಪತಿ ಸಾಳುವ ತಿಕ್ಕಮನ ಶಾಸನವು ಇದೇ ಹರಿಹರದಲ್ಲಿ ನಿಂತಿತು. ತನ್ನ ವಿಜಯವನ್ನು ಹೇಳಿಕೊಂಡ ಈ ಶತ್ರುವು ಹೊಯ್ಸಳರ ದೇವಕ್ಷೇತ್ರವನ್ನು ಕೆಡಿಸಲಿಲ್ಲ. ಅಲ್ಲಿಯೇ ತಾನೂ ದೇವಕಾರ್ಯವನ್ನು ಮಾಡಿದನು. ಇದು ದೇಹಲೀದೀಪನ್ಯಾಯಕ್ಕೆ ಒಪ್ಪುವ ಉದಾಹರಣೆ. ಹೊಸ್ತಿಲಿನ ಮೇಲೆ ಇಟ್ಟ ದೀಪವು ಒಳಗಣ ಮನೆಗೂ ಹೊರಗಣ ಪಡಸಾಲೆಗೂ ಬೆಳಕನ್ನು ಕೊಡುವಂತೆ, ಗಡಿಯಲ್ಲಿದ್ದ ದೇವರು ಎರಡು ಪಕ್ಷದವರಿಗೂ ತಮ್ಮವನೇ ಆದನು. ಇಬ್ಬರಿಗೂ ಬೇಕಾದ ಎಡೆಯಾದುದರಿಂದಲೇ ಇಬ್ಬರ ದಾನವೂ ಇಲ್ಲಿಗೆ ಬಂದಿತು.

ವಿಜಯನಗರದ ಕಾಲದಲ್ಲಿ ತುಂಗಭದ್ರೆಯ ಎರಡು ದಂಡೆಗಳೂ ಒಂದೇ ಆಳ್ವಿಕೆಗೆ ಒಳಪಟ್ಟಾಗ ಊರಿನ ಶಾಸನಗಳ ಧಾಟಿಯೇ ಬದಲಾಗುತ್ತದೆ. ಯುದ್ಧದ ಮಾತು ಹಿಂದೆ ಸರಿದು ನೀರಿನ ಮಾತು ಮುಂದೆ ಬರುತ್ತದೆ. 1410ರಲ್ಲಿ ಹರಿದ್ರಾ ಹೊಳೆಗೆ ಅಣೆಯನ್ನು ಕಟ್ಟಿ ಕಾಲುವೆಯನ್ನು ತಂದರು. ಖರ್ಚು ಬ್ರಾಹ್ಮಣರದು, ಭೂಮಿಯು ದೇವರದು. ಆದಕಾರಣ ಕಾಲುವೆಯ ಕೆಳಗಣ ದೇವರ ಭೂಮಿಯಲ್ಲಿ ಎರಡು ಪಾಲು ದೇವರಿಗೂ ಒಂದು ಪಾಲು ಬ್ರಾಹ್ಮಣರಿಗೂ ಸಲ್ಲತಕ್ಕುದೆಂದು ಒಪ್ಪಂದವಾಯಿತು. ಆ ಅಣೆಯು ಒಡೆದುಹೋಗಲು, 1424ರಲ್ಲಿ ದೇವರಾಯನ ಸೇನಾಪತಿಯಾದ ಚಾಮನೃಪನು ಅದನ್ನು ಮತ್ತೆ ಕಟ್ಟಿಸಿಕೊಟ್ಟನು. ಗೆದ್ದ ಅರಸರ ಬಿರುದುಗಳ ಸಾಲುಗಳನ್ನು ಓದಿ ಓದಿ ಬೇಸತ್ತವನಿಗೆ ಈ ಎರಡು ಶಾಸನಗಳು ದೊಡ್ಡ ಸಮಾಧಾನ. ಬಂಡವಾಳ ಹಾಕಿದವನಿಗೂ ನೆಲದೊಡೆಯನಿಗೂ ಫಲವನ್ನು ಹಂಚುವ ಕ್ರಮವು ಇಷ್ಟು ಸ್ಪಷ್ಟವಾಗಿ ಕಲ್ಲಿನ ಮೇಲೆ ಬರೆಯಲ್ಪಟ್ಟಿರುವುದು ವಿರಳ.

ವಿಜಯನಗರದ ಪತನಾನಂತರ ಗಡಿಯು ಮರಳಿ ಬಂದಿತು. ತರೀಕೆರೆಯ ಪಾಳೆಯಗಾರರು, ಸವಣೂರಿನ ನವಾಬರು, ಬಿದನೂರಿನ ಅರಸರು, ಮರಾಠರು ಎಂದು ಒಡೆಯರು ಒಬ್ಬರಾದ ಮೇಲೊಬ್ಬರು ಬದಲಾದರು. 1763ರಲ್ಲಿ ಹೈದರಾಲಿಯು ಊರನ್ನು ಹಿಡಿದಮೇಲೂ ಮರಾಠರು ಹಲವು ಬಾರಿ ಇದನ್ನು ವಶಪಡಿಸಿಕೊಂಡರು. ಇದೇ ಕಾಲದಲ್ಲಿ ದಾವಣಗೆರೆಯ ಏಳಿಗೆಯು ಮೊದಲಾಯಿತು. ಹೈದರನಿಂದ ಅದನ್ನು ಜಾಗೀರಾಗಿ ಪಡೆದ ಅಪ್ಪಾಜಿರಾಮನೆಂಬ ಮರಾಠಾ ಸರದಾರನು ವರ್ತಕರನ್ನು ಕರೆತಂದು ನೆಲೆಗೊಳಿಸಿದನು. ಹಾದಿಗೆ ಸಮೀಪವಾಗಿ, ಆದರೆ ಕೋಟೆಯ ಕಾದಾಟಕ್ಕೆ ಸ್ವಲ್ಪ ಹಿಂದಾಗಿ ಇರುವ ಊರನ್ನು ವ್ಯಾಪಾರಿಗಳು ಮೆಚ್ಚಿದುದರಲ್ಲಿ ಆಶ್ಚರ್ಯವಿಲ್ಲವೆಂದು ನಾನು ಊಹಿಸುತ್ತೇನೆ. ಹರಿಹರವು ಗಡಿಯ ಪೆಟ್ಟನ್ನು ತಿಂದಿತು, ದಾವಣಗೆರೆಯು ಗಡಿಯ ಲಾಭವನ್ನು ಉಂಡಿತು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಹರಿಹರವು ಮೈಸೂರಿನಲ್ಲಿ ಉಳಿಯಿತು. ಆಚೆಯ ದಂಡೆಯು ಪೇಶ್ವೆಗಳದಾಗಿದ್ದು, 1818ರಲ್ಲಿ ಅವರ ಆಳ್ವಿಕೆ ಮುಗಿದಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿತು. ಪೂರ್ವದ ಹರಪನಹಳ್ಳಿಯು 1800ರಲ್ಲಿ ನಿಜಾಮನಿಂದ ಇಂಗ್ಲಿಷರಿಗೆ ಬಂದು ಮದರಾಸಿನ ಬಳ್ಳಾರಿ ಜಿಲ್ಲೆಯಾಯಿತು. ಹೀಗೆ ಗುಹಾಸುರನೊಬ್ಬನ ರಾಜ್ಯವು ಮೂರು ಸರ್ಕಾರಗಳ ಪಾಲಾಯಿತು. 1865ರವರೆಗೆ ಹರಿಹರದ ಬಳಿಯ ದಂಡಿನಲ್ಲಿ ಒಂದು ಪಲ್ಟನ್ನು ಇದ್ದಿತು. ಅದು ಹೋದ ಮೂರನೆಯ ವರ್ಷ, 1868ರಲ್ಲಿ, ಬೆಂಗಳೂರು-ಧಾರವಾಡ ಹೆದ್ದಾರಿಗಾಗಿ ತುಂಗಭದ್ರೆಗೆ ಕಮಾನುಗಳ ದೊಡ್ಡ ಸೇತುವೆಯು ಮುಗಿಯಿತು. ಸಿಪಾಯಿಗಳು ಹೋದರು, ಬಂಡಿಗಳು ಬಂದವು. ಅನಂತರ ರೈಲೂ ಬಂದಿತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಇಲ್ಲಿ ಸ್ಥಾಪಿತವಾಗಿ ಲೇತ್ ಯಂತ್ರಗಳನ್ನು ತಯಾರಿಸಿತು. ಈಗ ಅದು ಮುಚ್ಚಿಹೋಗಿದೆ. ಪೋಲಾಳ್ವನ ಕಂಬಗಳನ್ನು ಕಡೆದ ಊರಿನಲ್ಲಿಯೇ ಕಡೆಯುವ ಯಂತ್ರವು ಹುಟ್ಟಿದುದು ಕಾಕತಾಳೀಯವೇ ಆದರೂ ನೆನೆಯಲು ಹಿತವಾಗಿದೆ.

1953ರಲ್ಲಿ ಹರಪನಹಳ್ಳಿಯೂ 1956ರ ನವೆಂಬರ್ 1ರಂದು ರಾಣೆಬೆನ್ನೂರಿನ ಕಡೆಯ ದಂಡೆಯೂ ಮೈಸೂರು ರಾಜ್ಯವನ್ನು ಸೇರಿದುವು. ಸಂಸ್ಕೃತದಲ್ಲಿ ಸೀಮಾಂತವೆಂದರೆ ಎಲ್ಲೆಯ ಕೊನೆ, ಸೀಮಂತವೆಂದರೆ ತಲೆಯ ಬೈತಲೆ. ಸಂಧಿಯ ಒಂದು ಹ್ರಸ್ವದೀರ್ಘದಿಂದ ಅರ್ಥವು ಬೇರೆಯಾಗುತ್ತದೆ. ಅಂದು ತುಂಗಭದ್ರೆಗೂ ಇದೇ ಬದಲಾವಣೆಯಾಯಿತೆನ್ನಬಹುದು. ಆದರೂ ಆಡಳಿತದ ಗೆರೆಯು ಪೂರ್ತಿಯಾಗಿ ಅಳಿಸಿಹೋಗಿಲ್ಲ. 1997ರಲ್ಲಿ ದಾವಣಗೆರೆ, ಹಾವೇರಿ ಜಿಲ್ಲೆಗಳು ರಚಿತವಾದಾಗ ಹೊಳೆಯು ಪುನಃ ಅವುಗಳ ಮೇರೆಯಾಯಿತು. ದಾವಣಗೆರೆಗೆ ಸೇರಿದ್ದ ಹರಪನಹಳ್ಳಿಯು ಬಳ್ಳಾರಿಗೆ ಹಿಂದಿರುಗಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ಗೋವಿನಕೋವಿಯು ಈಗ ದಾವಣಗೆರೆ ಜಿಲ್ಲೆಯಲ್ಲಿಯೂ, ಐರಣಿ ಮುದೇನೂರುಗಳು ಹಾವೇರಿಯಲ್ಲಿಯೂ, ಉಚ್ಚಂಗಿದುರ್ಗವು ವಿಜಯನಗರದಲ್ಲಿಯೂ ಇವೆ. ಆಚೆಯ ದಂಡೆಯ ಕುಮಾರಪಟ್ಟಣದಲ್ಲಿ ಕಳೆದ ಶತಮಾನದಲ್ಲಿ ಎದ್ದ ದೊಡ್ಡ ಕಾರ್ಖಾನೆಗೆ ಮಾತ್ರ, ಜಿಲ್ಲೆಯು ಬೇರೆಯಾದರೂ, ಹರಿಹರದ ಹೆಸರನ್ನೇ ಇಟ್ಟಿದ್ದಾರೆ.