ಪದವಿ, ಅನುಭವ, ಪ್ರಭಾರ: ಗಾಣಗಾಪುರ ಪರಿಸರದ ಆಸ್ಪತ್ರೆ ಆಡಳಿತ ಹುದ್ದೆಗಳ ಅರ್ಹತೆ ಕುರಿತು

1. ವ್ಯಾಪ್ತಿ

ಆಸ್ಪತ್ರೆಯ ಆಡಳಿತ ಹುದ್ದೆಗೆ ಆನ್‌ಲೈನ್ ಸ್ನಾತಕೋತ್ತರ ಪದವಿ ಮೇಲೋ, ಅನುಭವ ಮೇಲೋ ಎಂಬ ಚರ್ಚೆ ಹೆಚ್ಚಾಗಿ ಹುದ್ದೆಯ ಹೆಸರನ್ನೇ ಹೇಳದೆ ನಡೆಯುತ್ತದೆ. ಹುದ್ದೆ ಯಾವುದೆಂದು ಗೊತ್ತುಮಾಡಿಕೊಂಡರೆ ಪ್ರಶ್ನೆಯ ಬಹುಭಾಗ ನೇಮಕಾತಿ ನಿಯಮದಲ್ಲೇ ಇತ್ಯರ್ಥವಾಗಿರುವಂತೆ ತೋರುತ್ತದೆ. ಇಲ್ಲಿನ ವ್ಯಾಪ್ತಿ ಕಲಬುರಗಿ ಜಿಲ್ಲೆಯ ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳು. ಯಡ್ರಾಮಿ ಈಗ ಪ್ರತ್ಯೇಕ ತಾಲ್ಲೂಕಾಗಿದ್ದರೂ ಹಳೆಯ ಜೇವರ್ಗಿಯ ಲೆಕ್ಕದಲ್ಲೇ ಸೇರಿಸಿಕೊಂಡಿದೆ. ಗಾಣಗಾಪುರದ ಕಡೆಯವರು ದೊಡ್ಡ ಕಾಯಿಲೆಗೆ ಕಲಬುರಗಿಗೆ, ಇಲ್ಲವೇ ಗಡಿ ದಾಟಿ ಸೊಲ್ಲಾಪುರಕ್ಕೆ ಹೋಗುವುದರಿಂದ ಜಿಲ್ಲಾ ಕೇಂದ್ರದ ಬೋಧನಾ ಆಸ್ಪತ್ರೆಗಳನ್ನು ಹೊರಗಿಡಲಾಗದು.

2. ಕಾಲಮಿತಿ

ವಿಶ್ವವಿದ್ಯಾಲಯ ಅನುದಾನ ಆಯೋಗವು ಆನ್‌ಲೈನ್ ಕೋರ್ಸುಗಳಿಗೆ ಪ್ರತ್ಯೇಕ ನಿಯಮಾವಳಿ ತಂದದ್ದು 2018ರಲ್ಲಿ. ಅದನ್ನು ದೂರಶಿಕ್ಷಣದ ನಿಯಮಗಳೊಂದಿಗೆ ಸೇರಿಸಿ ಹೊಸದಾಗಿ ರೂಪಿಸಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಆದ್ದರಿಂದ 2018ಕ್ಕೂ ಹಿಂದಿನ ಭಾರತೀಯ ಪದವಿಗಳನ್ನು ‘ಆನ್‌ಲೈನ್’ ಎಂದು ವರ್ಗೀಕರಿಸುವುದು ಸರಿಯಲ್ಲ, ಅವು ದೂರಶಿಕ್ಷಣದವು. ನಿಯಮಬದ್ಧ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿ ತರಗತಿಯ ಪದವಿಗೆ ಸಮಾನವೆಂಬ ಸ್ಪಷ್ಟನೆ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. 2021ರಲ್ಲಿ ಸೇರಿದವರು ಎರಡು ವರ್ಷದ ಕೋರ್ಸು ಮುಗಿಸಿದ್ದು 2023ರ ಸುಮಾರಿಗೆ. ಅವರ ಮುಂದಿನ ಹತ್ತು ವರ್ಷದ ಸೇವೆ ತುಂಬುವುದು 2033ರ ಆಸುಪಾಸು. ಅಲ್ಲಿಯವರೆಗೆ ಎರಡು ಗುಂಪುಗಳ ವೃತ್ತಿಗತಿಯನ್ನು ಹೋಲಿಸಿ ಬರೆಯುವುದೆಲ್ಲ ಅಂದಾಜಿನ ಮಾತು.

ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಎಂಬಿಎ ಪದವಿಯಲ್ಲಿ ಇನ್ನೊಂದು ತೊಡಕಿದೆ. 1996ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಕೋರ್ಸುಗಳಿಗೆ 2012-13ರ ನಂತರ ಮಾನ್ಯತೆ ಇಲ್ಲವೆಂದು ಆಯೋಗ 2015ರ ಜೂನ್‌ನಲ್ಲಿ ಪ್ರಕಟಿಸಿತು. 2018-19ರಿಂದ ಮಾನ್ಯತೆ ಮರಳಿತು. ಇಲ್ಲಿ ಪರಿಶೀಲಿಸಬೇಕಾದದ್ದು ಪ್ರವೇಶದ ವರ್ಷ. ಘಟಿಕೋತ್ಸವದ ಪ್ರಮಾಣಪತ್ರದಿಂದ ಅದು ತಿಳಿಯುವುದಿಲ್ಲ. ಮೊದಲ ವರ್ಷದ ಅಂಕಪಟ್ಟಿ ಅಥವಾ ಶುಲ್ಕದ ರಸೀದಿಯನ್ನೇ ನೋಡಬೇಕು.

3. ಬೋಧನಾ ಆಸ್ಪತ್ರೆಯ ಅಧೀಕ್ಷಕ ಹುದ್ದೆ

ಕಲಬುರಗಿಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು (1963), ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಜಿಮ್ಸ್) ಮೊದಲಾದ ಸಂಸ್ಥೆಗಳಿಗೆಲ್ಲ ಅನ್ವಯಿಸುವುದು ಕೇಂದ್ರದ ಬೋಧಕರ ಅರ್ಹತಾ ನಿಯಮಾವಳಿ. 1998ರ ಪಾಠದ ಪ್ರಕಾರ ವೈದ್ಯಕೀಯ ಅಧೀಕ್ಷಕರಿಗೆ ಮಾನ್ಯತೆ ಪಡೆದ ವೈದ್ಯಕೀಯ ಸ್ನಾತಕೋತ್ತರ ಪದವಿಯ ಜೊತೆಗೆ 10 ವರ್ಷಗಳ ಆಡಳಿತಾನುಭವ ಬೇಕಿತ್ತು. ನಿಯಮಾವಳಿ 2022ರಲ್ಲಿ, ಮತ್ತೆ 2025ರಲ್ಲಿ ಹೊಸದಾಗಿ ಬಂದಿದೆ. ಆದರೂ 1998ರದನ್ನೇ ಎತ್ತಿಕೊಂಡದ್ದಕ್ಕೆ ಕಾರಣ, ಈಗ ಆ ಹಂತದಲ್ಲಿರುವವರ ಸೇವೆಯ ಬಹುಭಾಗ ಅದರ ಅಡಿಯಲ್ಲೇ ಕಳೆದಿದೆ.

ವೈದ್ಯಕೀಯ, ಶುಶ್ರೂಷೆ, ಔಷಧಶಾಸ್ತ್ರ, ಅರೆವೈದ್ಯಕೀಯ ವಿಷಯಗಳನ್ನು 2020ರ ನಿಯಮಾವಳಿ ಆನ್‌ಲೈನ್ ಕ್ರಮದಿಂದ ಹೊರಗಿಟ್ಟಿದೆ, ನಿರ್ವಹಣಾಶಾಸ್ತ್ರವನ್ನು ಹೊರಗಿಟ್ಟಿಲ್ಲ. ಹೀಗಾಗಿ ಆನ್‌ಲೈನ್ ಎಂಬಿಎ ಈ ಹುದ್ದೆಗೆ ಪೂರಕವಾಗಬಹುದು, ಮೂಲ ಅರ್ಹತೆಯಾಗಲಾರದು. ಅದೇ ರೀತಿ ಬರಿಯ ಅನುಭವವೂ ಸಾಲದು. ಅಮೆರಿಕದ ಆರೋಗ್ಯ ಆಡಳಿತಗಾರರ ಕಾಲೇಜು ತನ್ನ ಫೆಲೋ ಮಾನ್ಯತೆಗೆ ಸ್ನಾತಕೋತ್ತರ ಪದವಿ ಮತ್ತು 5 ವರ್ಷದ ಆಡಳಿತಾನುಭವ ಎರಡನ್ನೂ ಕೇಳುವುದನ್ನು ಇದರ ಜೊತೆಗಿಟ್ಟು ನೋಡಬಹುದು.

2025ರ ಬದಲಾವಣೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ. 220 ಹಾಸಿಗೆಗಿಂತ ಕಡಿಮೆಯಿಲ್ಲದ ಸರ್ಕಾರಿ ಆಸ್ಪತ್ರೆಯಲ್ಲಿ 2 ವರ್ಷ ಕೆಲಸ ಮಾಡಿದ ಸ್ನಾತಕೋತ್ತರ ವೈದ್ಯರು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರು. ಆದರೆ ಜೈವಿಕ ವೈದ್ಯಕೀಯ ಸಂಶೋಧನೆಯ ಮೂಲ ಕೋರ್ಸನ್ನು ನೇಮಕವಾದ 2 ವರ್ಷದೊಳಗೆ ಮುಗಿಸಬೇಕು. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ನಡೆಸುವ ಈ ಕೋರ್ಸು ಆನ್‌ಲೈನ್. ಅನುಭವವನ್ನು ಒಪ್ಪಿಕೊಂಡ ನಿಯಮವೇ ಆನ್‌ಲೈನ್ ಪ್ರಮಾಣಪತ್ರವನ್ನೂ ಕೇಳುತ್ತದೆ.

4. ಪ್ರಭಾರದ ವರ್ಷಗಳು

‘ಆಡಳಿತಾನುಭವ’ವನ್ನು ಎಣಿಸುವುದು ಕಾಣುವಷ್ಟು ಸುಲಭವಲ್ಲ. ತಾಲ್ಲೂಕು ಮಟ್ಟದಲ್ಲಿ ಎರಡು ಕುರ್ಚಿಗಳಿವೆ: ಪ್ರಾಥಮಿಕ ಆರೋಗ್ಯ ಕೇಂದ್ರಗಳ ಉಸ್ತುವಾರಿ ತಾಲ್ಲೂಕು ಆರೋಗ್ಯಾಧಿಕಾರಿಯದು, ತಾಲ್ಲೂಕು ಆಸ್ಪತ್ರೆಯದು ಆಡಳಿತ ವೈದ್ಯಾಧಿಕಾರಿಯದು. ಇವು ಖಾಲಿ ಬಿದ್ದಾಗ ಪ್ರಭಾರದಲ್ಲಿ ನಡೆಯುತ್ತವೆ. ಕರ್ನಾಟಕ ಸಿವಿಲ್ ಸೇವಾ ನಿಯಮಗಳ 32ನೇ ನಿಯಮದಡಿ ಖಾಲಿ ಹುದ್ದೆಯ ಪ್ರಭಾರ ವಹಿಸಿದರೆ ಅದು ಬಡ್ತಿಯಲ್ಲ. 68ನೇ ನಿಯಮದಡಿ ಸ್ವಂತ ಹುದ್ದೆಯ ಜೊತೆಗೆ ಇನ್ನೊಂದರ ಹೊಣೆ. ಸೇವಾ ಪುಸ್ತಕದಲ್ಲಿ ಎರಡೂ ಒಂದೊಂದು ಸಾಲಿನ ನಮೂದು: ಆದೇಶದ ಸಂಖ್ಯೆ, ಪ್ರಭಾರ ವಹಿಸಿಕೊಂಡ ದಿನಾಂಕ, ಬಿಟ್ಟುಕೊಟ್ಟ ದಿನಾಂಕ, ಪೂರ್ವಾಹ್ನವೋ ಅಪರಾಹ್ನವೋ. ನಿಯಮದ ಸಂಖ್ಯೆ ಬರೆಯದೆ ‘ಪ್ರಭಾರ’ ಎಂದಷ್ಟೇ ಬರೆದಿದ್ದರೆ, ಆ ಅವಧಿ 10 ವರ್ಷದ ಲೆಕ್ಕಕ್ಕೆ ಸೇರುವುದೇ ಎಂಬುದು ಅರ್ಥೈಸುವವರ ವಿವೇಚನೆಗೆ ಬೀಳುತ್ತದೆ. ಗುಮಾಸ್ತರ ಲೇಖನಿ ಇಷ್ಟು ತೂಕದ್ದೆಂದು ಕಡಿಮೆ ಜನ ಎಣಿಸಿಯಾರು.

ಅವಧಿಯ ಒಳಗೆ ನಡೆದದ್ದನ್ನು ಈ ನಮೂದು ದಾಖಲಿಸುವುದಿಲ್ಲ. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಗೆ ಗಾಣಗಾಪುರದ ಸಂಗಮದಲ್ಲಿ ಸ್ನಾನಕ್ಕಿಳಿಯುವ ಜನಸಂದಣಿಯಲ್ಲಿ ಕುಡಿಯುವ ನೀರಿನ ಕ್ಲೋರಿನ್ ಪರೀಕ್ಷೆ, ಪ್ರಥಮ ಚಿಕಿತ್ಸೆ, 108 ಆಂಬುಲೆನ್ಸ್ ನಿಲ್ಲುವ ಜಾಗ ಗೊತ್ತುಮಾಡುವುದು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ಆದ ನಂತರದ ತಿಂಗಳುಗಳು. ಅದೇ ವರ್ಷದ ಅಕ್ಟೋಬರ್‌ನ ಭೀಮಾ ಪ್ರವಾಹ. ಆ ವರ್ಷದ ಆರು ತಿಂಗಳೂ ಬೇರಾವುದೋ ವರ್ಷದ ಆರು ತಿಂಗಳೂ ಲೆಕ್ಕದಲ್ಲಿ ಒಂದೇ. ಆನ್‌ಲೈನ್ ಪದವಿಯ ವಿರುದ್ಧ ಅನುಭವದ ಪರ ವಾದಿಸುವವರು ಈ ಅಂತರವನ್ನು ಸಾಮಾನ್ಯವಾಗಿ ಗಣಿಸುವುದಿಲ್ಲ.

5. ಗುತ್ತಿಗೆ ಹುದ್ದೆಗಳು

ಆನ್‌ಲೈನ್ ಪದವಿಗೆ ನೇರ ಪ್ರಯೋಜನವಿರಬಹುದಾದ ಜಾಗ ಇದು. 2005ರ ಏಪ್ರಿಲ್ 12ರಂದು ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, ಜಿಲ್ಲಾ ಕಾರ್ಯಕ್ರಮ ನಿರ್ವಹಣಾ ಘಟಕಗಳ ಮೂಲಕ ವೈದ್ಯರಲ್ಲದ ಎಂಬಿಎ ಪದವೀಧರರನ್ನು ಆರೋಗ್ಯಾಡಳಿತಕ್ಕೆ ತಂದಿತು. ಆದರೆ ಈ ಏಣಿ ಗಿಡ್ಡ. ಗುತ್ತಿಗೆಯ ವರ್ಷಗಳು ತಾವಾಗಿಯೇ ಕಾಯಂ ಸೇವೆಯಾಗುವುದಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿ ಹುದ್ದೆ ವೈದ್ಯರ ವೃಂದಕ್ಕೇ ಸೇರಿದ್ದು. ಖಾಸಗಿ ಆಸ್ಪತ್ರೆಗಳಿಗೆ ಇಂಥ ವೃಂದ ನಿಯಮದ ಕಟ್ಟು ಇಲ್ಲದ್ದರಿಂದ ಅಲ್ಲಿ ಪದವಿ, ಅನುಭವಗಳ ತೂಕ ಆಡಳಿತ ಮಂಡಳಿಯ ಇಚ್ಛೆಗೆ ಬಿಟ್ಟದ್ದು.

6. ಮೂರನೆಯ ಅಂಶ

ಈ ಪ್ರದೇಶದಲ್ಲಿ ಪದವಿ, ಅನುಭವಗಳ ಜೊತೆಗೆ ಸ್ಥಳೀಯ ವೃಂದದ ಪ್ರಮಾಣಪತ್ರವೂ ಎಣಿಕೆಗೆ ಬರುತ್ತದೆ. ಸಂವಿಧಾನದ 371ಜೆ ವಿಧಿಯಡಿ ಸ್ಥಳೀಯ ವೃಂದದ ‘ಎ’ ಗುಂಪಿನ ಕಿರಿಯ ಶ್ರೇಣಿ ಹಾಗೂ ‘ಬಿ’ ಗುಂಪಿನಲ್ಲಿ 75, ‘ಸಿ’ಯಲ್ಲಿ 80, ‘ಡಿ’ಯಲ್ಲಿ 85 ಶೇಕಡಾ ಮೀಸಲು. ಇದರ ವರ್ಷವನ್ನು ಕೆಲವರು 2012, ಕೆಲವರು 2013 ಎನ್ನುತ್ತಾರೆ. ತಿದ್ದುಪಡಿ ಕಾಯ್ದೆಯ ಹೆಸರಿನಲ್ಲಿರುವುದು 2012. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2013ರ ಜನವರಿ 1ರಂದು. ಜಾರಿಯಾದದ್ದು ಅದೇ ವರ್ಷದ ಅಕ್ಟೋಬರ್ 1ರಂದು. ಸೇವಾವಧಿಯ ಲೆಕ್ಕದಲ್ಲಿ ಬಳಸುವಾಗ ಈ ಮೂರರಲ್ಲಿ ಯಾವುದೆಂದು ಹೇಳಬೇಕು.