ಮಸ್ನವಿಯಲ್ಲಿ ಸಿಂಹ-ಶಶಕರ ಕಥೆ

ಅಲ್ಪಬಲವುಳ್ಳ ಮೊಲವೊಂದು ಮೃಗರಾಜನನ್ನು ಬಾವಿಯಲ್ಲಿ ಕೆಡಹಿದ ಕಥೆಯು ಪಂಚತಂತ್ರವನ್ನು ಬಲ್ಲವರೆಲ್ಲರಿಗೂ ವಿದಿತವಾದುದು. ಇದನ್ನೇ ಜಲಾಲುದ್ದೀನ್ ರೂಮಿಯು (1207–1273) ಕೋನ್ಯಾ ನಗರದಲ್ಲಿದ್ದು ರಚಿಸಿದ ಮಸ್ನವಿಯ ಪ್ರಥಮ ಭಾಗದಲ್ಲಿ ವಿಸ್ತಾರವಾಗಿ ಹೇಳಿದ್ದಾನೆ. ಪಂಚತಂತ್ರದ ದೇಶಾಂತರ ಸಂಚಾರಕ್ಕೆ ಇದೊಂದು ನಿದರ್ಶನವೆಂದೆಣಿಸಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಆದರೆ ಆ ಕವಿಯು ಕಥೆಯನ್ನು ಪಡೆದುಕೊಂಡದ್ದಕ್ಕಿಂತ ಅದನ್ನು ತಿರುಗಿಸಿದ ರೀತಿಯೇ ಹೆಚ್ಚು ವಿಚಾರಾರ್ಹವೆಂದು ನನಗೆ ತೋರುತ್ತದೆ.

ಕಥೆಯು ಪಾರಸಿಕರಿಗೆ ದೊರೆತ ಬಗೆ ಪ್ರಸಿದ್ಧವಾದುದು. ಖುಸ್ರೂ ಅನೂಶಿರ್ವಾನನ (531–579) ಆಸ್ಥಾನದ ವೈದ್ಯನಾದ ಬುರ್ಜೋಯನು ಮಾಡಿದ ಪಹ್ಲವಿ ಅನುವಾದವು ನಷ್ಟವಾಗಿದೆ. ಅದನ್ನು 8ನೆಯ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫನು ಅರಬ್ಬಿಗೆ ತಂದನು. ಅದೇ ‘ಕಲೀಲ ವ ದಿಮ್ನ’. ಆ ಗ್ರಂಥವನ್ನು 12ನೆಯ ಶತಮಾನದಲ್ಲಿ ನಸ್ರುಲ್ಲಾ ಮುನ್ಶಿಯು ಫಾರಸೀ ಗದ್ಯಕ್ಕೆ ಇಳಿಸಿದನು. ನಮ್ಮ ದುರ್ಗಸಿಂಹನು ವಸುಭಾಗಭಟ್ಟನನ್ನನುಸರಿಸಿ ಬರೆದ ಕನ್ನಡ ಪಂಚತಂತ್ರವು ಬೇರೊಂದು ಕವಲು. ಬೇರು ಒಂದೇ ಆದರೂ ಬೆಳೆದ ದಿಕ್ಕು ಬೇರೆ.

ಈ ಗ್ರಂಥಗಳಲ್ಲಿ ಕಥೆಯನ್ನು ಹೇಳತಕ್ಕವನಾರೆಂಬುದನ್ನು ಗಮನಿಸಬೇಕು. ಸಿಂಹಕ್ಕೂ ವೃಷಭಕ್ಕೂ ಭೇದವನ್ನು ಹುಟ್ಟಿಸಹೊರಟ ಕುಟಿಲನಾದ ನರಿ (ಸಂಸ್ಕೃತದಲ್ಲಿ ದಮನಕ, ಅರಬ್ಬಿಯಲ್ಲಿ ದಿಮ್ನ) ತನ್ನ ಸಂಚು ಸಾಧ್ಯವೆಂದು ತೋರಿಸಲು ಮೊಲವನ್ನು ಸಾಕ್ಷಿಗೆ ಕರೆಯುತ್ತದೆ. ರೂಮಿಯಾದರೋ ಈ ಚೌಕಟ್ಟನ್ನೇ ತೆಗೆದುಹಾಕಿದ್ದಾನೆ. ಕಥೆಯನ್ನು ಕಲೀಲದಲ್ಲಿ ನೋಡಿಕೊಳ್ಳಿರೆಂದು ಆತನೇ ಸೂಚಿಸುವುದರಿಂದ, ಶ್ರೋತೃಗಳಿಗೆ ಹಳೆಯ ರೂಪವು ತಿಳಿದಿತ್ತೆಂದು ಊಹಿಸಬಹುದು. ತಿಳಿದವರಿಗೇ ವ್ಯತ್ಯಾಸವು ನಾಟುವುದು.

ಮೂಲದಲ್ಲಿ ಮೃಗಗಳು ದಿನಕ್ಕೊಂದು ಪ್ರಾಣಿಯನ್ನು ಕಳುಹಿಸುವುದಾಗಿ ಬಿನ್ನವಿಸಿಕೊಳ್ಳುತ್ತವೆ, ಸಿಂಹವು ಒಪ್ಪುತ್ತದೆ; ಕೆಲವು ವಾಕ್ಯಗಳಲ್ಲಿ ಮುಗಿಯುವ ಮಾತು. ಮಸ್ನವಿಯಲ್ಲಿ ಇದೇ ದೈವ-ಪೌರುಷಗಳ ಮಹಾವಾದವಾಗಿ ಬೆಳೆದಿದೆ. ಬೇಟೆಯ ಶ್ರಮವೇಕೆ, ದೈವವನ್ನು ನಂಬಿ ಸುಮ್ಮನಿರು ಎಂದು ಮೃಗಗಳು ಬೋಧಿಸುತ್ತವೆ. ಮೃತ್ಯುದೂತನನ್ನು ಕಂಡು ಬೆದರಿ, ಸುಲೈಮಾನನ ಅಪ್ಪಣೆಯಿಂದ ಗಾಳಿಯ ಮೇಲೇರಿ ಹಿಂದೂಸ್ಥಾನಕ್ಕೆ ಓಡಿಬಂದವನಿಗೆ ಅಲ್ಲಿಯೇ ಮರಣವು ವಿಧಿಸಲ್ಪಟ್ಟಿತ್ತೆಂಬ ಉಪಕಥೆಯನ್ನು ಹೇಳುತ್ತವೆ. ಸಿಂಹವು ಸೋಲುವುದಿಲ್ಲ. ದೇವರನ್ನು ನಂಬು, ಆದರೆ ಒಂಟೆಯ ಕಾಲನ್ನು ಕಟ್ಟು ಎಂಬ ಪ್ರವಾದಿವಚನವನ್ನು ಎತ್ತಿಹೇಳುತ್ತದೆ. ಕೈಗೆ ಗುದ್ದಲಿಯನ್ನಿತ್ತ ಒಡೆಯನು ಬಾಯಿಬಿಟ್ಟು ಹೇಳದಿದ್ದರೂ ಅವನ ಇಷ್ಟವು ಸ್ಪಷ್ಟವಲ್ಲವೆ ಎಂದು ಕೇಳುತ್ತದೆ. ಕಡೆಗೆ ಮೃಗಗಳು ನಿರುತ್ತರವಾಗುತ್ತವೆ.

ಇಲ್ಲಿ ಎರಡು ವಿಪರ್ಯಾಸಗಳುಂಟು. ಪೌರುಷಪಕ್ಷವನ್ನು ಗೆಲ್ಲಿಸಿದ ಸಿಂಹವು ವಾದವು ಮುಗಿದೊಡನೆ ಕುಳಿತಲ್ಲಿಗೆ ಬರುವ ಆಹಾರವನ್ನು ಒಪ್ಪಿಕೊಂಡು, ತಾನು ಖಂಡಿಸಿದ ಮತದಂತೆಯೇ ಬಾಳತೊಡಗುತ್ತದೆ. ದೈವವಾದಿಗಳ ಗುಂಪಿನ ಮೊಲವೋ, ಸರದಿ ಬಂದಾಗ ಪ್ರಯತ್ನಕ್ಕೆ ಕೈಹಾಕುತ್ತದೆ. ಮೃಗಗಳ ವಾದವನ್ನು ಕೇವಲ ಹೇಡಿಗಳ ತರ್ಕವೆಂದು ತಳ್ಳಿಬಿಟ್ಟರೆ ಈ ಸ್ವಾರಸ್ಯವು ಕೈತಪ್ಪುತ್ತದೆ.

ಬಾವಿಯ ಪ್ರಸಂಗದಲ್ಲಿಯೂ ಅರ್ಥವು ಹೊರಳಿದೆ. ಮೂಲದಲ್ಲಿ ಪ್ರತಿಬಿಂಬವು ಮೂಢನನ್ನು ವಂಚಿಸುವ ಸಾಧನ ಮಾತ್ರ. ರೂಮಿಗೆ ಅದು ದರ್ಪಣ: ಪರರಲ್ಲಿ ಕಾಣುವ ದೋಷವು ಬಹುಮಟ್ಟಿಗೆ ನೋಡುವವನದೇ. ಸಿಂಹವು ವೈರಿಯೆಂದು ಹಾರಿದ್ದು ತನ್ನ ಮೇಲೆಯೇ, ಬಿದ್ದದ್ದು ತನ್ನ ಕ್ರೌರ್ಯವು ತೋಡಿದ ಹಳ್ಳದಲ್ಲಿಯೇ.

ಪಂಚತಂತ್ರದ ಕಥೆ ಇಲ್ಲಿಗೆ ಮುಗಿಯುತ್ತದೆ. ಬುದ್ಧಿಯೇ ಬಲವೆಂಬುದು ಅದರ ಸಿದ್ಧಾಂತ. ಮಸ್ನವಿಯ ಮೊಲವು ಕುಣಿದಾಡುತ್ತಾ ಬಂದು ಮೃಗಗಳಿಗೆ ವಾರ್ತೆಯನ್ನು ತಿಳಿಸಿ, ಇದು ದೈವಸಹಾಯದಿಂದಾಯಿತೆನ್ನುತ್ತದೆ. ಕವಿಯು ಅಷ್ಟಕ್ಕೂ ತೃಪ್ತನಲ್ಲ. ಹೊರಗಿನ ಹಗೆ ಸತ್ತರೂ ಅದಕ್ಕಿಂತ ಕ್ರೂರವಾದದ್ದು ಅಂತರಂಗದಲ್ಲಿ ಉಳಿದಿದೆಯೆಂದೂ, ಆ ಒಳಗಿನ ಸಿಂಹವು ಮೊಲದ ಜಾಣ್ಮೆಗೆ ಬಗ್ಗತಕ್ಕದ್ದಲ್ಲವೆಂದೂ ಹೇಳುತ್ತಾನೆ. ನೀತಿಶಾಸ್ತ್ರವು ಯಾವ ಬುದ್ಧಿಗೆ ಜಯಮಾಲೆಯನ್ನು ಹಾಕಿತೋ ಅದರ ಎಲ್ಲೆಯನ್ನು ಗೊತ್ತುಮಾಡಲು ಅದೇ ಕಥೆಯನ್ನು ಬಳಸಿರುವುದು ಸಾಮಾನ್ಯ ಸಾಹಸವಲ್ಲ.

ಈ ರೂಪವು ಕಲೀಲದ ಪರಂಪರೆಯನ್ನು ಅಳಿಸಲಿಲ್ಲ. 15ನೆಯ ಶತಮಾನದ ಉತ್ತರಾರ್ಧದಲ್ಲಿ ಹೆರಾತಿನ ಹುಸೇನ್ ವಾಯಿಜ್ ಕಾಶಿಫಿಯು ‘ಅನ್ವಾರಿ ಸುಹೈಲಿ’ಯನ್ನೂ, 1588ರಲ್ಲಿ ಅಕ್ಬರನಿಗಾಗಿ ಅಬುಲ್ ಫಜಲನು ‘ಇಯಾರಿ ದಾನಿಶ್’ ಎಂಬುದನ್ನೂ ರಚಿಸಿದರು. ಆ ಸಾಲಿನಲ್ಲಿ ಮೊಲದ ಕಥೆಯನ್ನು ಹೇಳತಕ್ಕವನು ಮತ್ತೆ ದಿಮ್ನನೇ.